ಒಂದೇ ಕೋಟೆ, ಇಬ್ಬರು ಆಟಗಾರರು

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸೈಬರ್ ಕೆಫೆಗೆ ಹೋಗುತ್ತಿದ್ದವರಿಗೆ ಪಿನ್‌ಬಾಲ್ ಹೊಸತಲ್ಲ. 'ಸ್ಪೇಸ್ ಕೆಡೆಟ್' ಆಟದಲ್ಲಿ ಎರಡು ಕೀ ಒತ್ತುತ್ತ, ಗುಂಡು ಕೆಳಗೆ ಜಾರದಂತೆ ಕಾದವರು ನಾವು. ಅಸಲಿ ಯಂತ್ರ ಬೆಳೆದದ್ದು ಅಮೆರಿಕದ ಷಿಕಾಗೊದಲ್ಲಿ. ಸುಮಾರು ಆರೂವರೆ ಡಿಗ್ರಿ ಇಳಿಜಾರಿನ ಮರದ ಹಲಗೆ, ಮೇಲೊಂದು ಗಾಜು, ನಡುವೆ 80 ಗ್ರಾಂ ತೂಕದ ಉಕ್ಕಿನ ಗುಂಡು. 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ 'ಹಂಪ್ಟಿ ಡಂಪ್ಟಿ' ಯಂತ್ರಕ್ಕೆ ಗುಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಜೋಡಿಸಿದ ಮೇಲೆ ಅದೃಷ್ಟದ ಆಟ ಕೈಚಳಕದ ಆಟವಾಯಿತು. ಆದರೂ ಜೂಜೆಂಬ ಹೆಸರು ಬೇಗ ಹೋಗಲಿಲ್ಲ. 1942ರಲ್ಲಿ ನಿಷೇಧ ಹೇರಿದ್ದ ನ್ಯೂಯಾರ್ಕ್ ಅದನ್ನು ತೆಗೆದದ್ದು 1976ರಲ್ಲಿ, ಗುಂಡು ಯಾವ ಸಾಲಿಗೆ ಬೀಳುತ್ತದೆಂದು ಆಟಗಾರ ರೋಜರ್ ಶಾರ್ಪ್ ಮೊದಲೇ ಹೇಳಿ ಹಾಗೆಯೇ ಬೀಳಿಸಿ ತೋರಿಸಿದ ಮೇಲೆ.

ಈ ಯಂತ್ರದ ವಿನ್ಯಾಸಕನ ಮುಂದೆ ಸದಾ ಇಬ್ಬರು ನಿಂತಿರುತ್ತಾರೆ. ಒಬ್ಬರು ಜೇಬಿನಲ್ಲಿದ್ದ ನಾಣ್ಯ ಹಾಕಿ ಮೊದಲ ಸಲ ಆಡುವವರು. ಇನ್ನೊಬ್ಬರು ಅದೇ ಯಂತ್ರವನ್ನು ಮನೆಗೆ ತಂದಿಟ್ಟುಕೊಂಡು ವರ್ಷಗಟ್ಟಲೆ ಆಡುವ ಸಂಗ್ರಾಹಕರು. ಮೊದಲನೆಯವರಿಗೆ ಅರ್ಧ ನಿಮಿಷದೊಳಗೆ ಏನಾದರೂ ದಕ್ಕಬೇಕು. ಎರಡನೆಯವರಿಗೆ ಎಂದೂ ಪೂರ್ತಿ ದಕ್ಕಬಾರದು.

ಈ ಇಬ್ಬರನ್ನೂ ನಿಭಾಯಿಸಿದ ಯಂತ್ರಗಳಲ್ಲಿ ನನ್ನ ಮಟ್ಟಿಗೆ ಮೊದಲ ಸ್ಥಾನ ವಿಲಿಯಮ್ಸ್ ಕಂಪನಿಯ 'ಮಿಡೀವಲ್ ಮ್ಯಾಡ್‌ನೆಸ್'ಗೆ. 1997ರದ್ದು, ವಿನ್ಯಾಸ ಬ್ರಯಾನ್ ಎಡ್ಡಿಯದು. ಹಲಗೆಯ ನಟ್ಟನಡುವೆ ಒಂದು ಕೋಟೆ. ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ, ಕಂಡ ಕೂಡಲೇ ಹೊಡೆಯಬೇಕೆನಿಸುತ್ತದೆ. ಬಾಗಿಲಿಗೆ ಕೆಲವು ಪೆಟ್ಟು ಬಿದ್ದರೆ ಸೇತುವೆ ಕೆಳಗಿಳಿಯುತ್ತದೆ, ಕಬ್ಬಿಣದ ಕದ ಮೇಲೇಳುತ್ತದೆ. ಗುಂಡು ಒಳಹೊಕ್ಕರೆ ಗೋಪುರಗಳು ಗಡಗಡ ನಡುಗಿ ಕೋಟೆ ಬೀಳುತ್ತದೆ. ಹೊಸಬರ ಮುಖ ಅರಳಲು ಅಷ್ಟು ಸಾಕು.

ಪಳಗಿದವರಿಗೆ ಅದೇ ಕೋಟೆ ಬೇರೆಯಾಗಿ ಕಾಣುತ್ತದೆ. ಎದುರಿಗೇ ಇರುವ ಗುರಿಗೆ ನೇರ ಬಡಿದ ಗುಂಡು ಅಷ್ಟೇ ನೇರವಾಗಿ, ಎರಡು ಫ್ಲಿಪ್ಪರ್‌ಗಳ ನಡುವಿನ ಸಂದಿಗೇ ವಾಪಸು ಬರಬಹುದು. ಎಲ್ಲಕ್ಕಿಂತ ಸುಲಭದ ಹೊಡೆತವೇ ಎಲ್ಲಕ್ಕಿಂತ ಅಪಾಯದ್ದು! ಮುಂದಿನ ಕೋಟೆಗಳು ಇನ್ನೂ ಹೆಚ್ಚು ಪೆಟ್ಟು ಕೇಳುತ್ತವೆ. ಆರು ಕೋಟೆ ಕೆಡವಿ, ಕುದುರೆ ಕಾಳಗ, ರೈತರ ದಂಗೆಗಳನ್ನೆಲ್ಲ ದಾಟಿದವರಿಗಷ್ಟೇ ಕೊನೆಯ ಮಹಾಯುದ್ಧ. ಈ ನಿಯಮಗಳ ಪ್ರೋಗ್ರಾಮ್ ಬರೆದ ಲೈಮನ್ ಶೀಟ್ಸ್ ಸ್ವತಃ ಪಂದ್ಯಾವಳಿ ಗೆದ್ದ ಆಟಗಾರ. ಆಳ ಎಷ್ಟಿರಬೇಕೆಂಬ ಅಂದಾಜು ಅವರ ಕೈಗೇ ಗೊತ್ತಿತ್ತು.

ಈ ಅಂದಾಜು ಸಿಗುವುದು ಹೊಡೆದು ನೋಡಿಯೇ. ಬಣ್ಣ, ಚಿತ್ರ ಯಾವುದೂ ಬರುವ ಮುನ್ನ ಮೇಪಲ್ ಪದರಗಳ ಬೋಳು ಹಲಗೆಯೊಂದು ತಯಾರಾಗುತ್ತದೆ. 'ವೈಟ್‌ವುಡ್' ಎನ್ನುತ್ತಾರೆ. ಅದರ ಮೇಲೆ ಫ್ಲಿಪ್ಪರ್, ರ‍್ಯಾಂಪ್ ಕೂರಿಸಿ ಹೊಡೆಯುವುದು, ಬಿಚ್ಚುವುದು, ಮತ್ತೆ ಕೂರಿಸುವುದು. ರ‍್ಯಾಂಪಿನ ಬಾಯಿ ಒಂದಿಷ್ಟು ಅಗಲವಾದರೆ ಬಲ್ಲವರಿಗೆ ಸಪ್ಪೆ, ಕಿರಿದಾದರೆ ಹೊಸಬರ ಗುಂಡು ಹತ್ತುವುದೇ ಇಲ್ಲ. ಆಟಕ್ಕೆ ಬಿಟ್ಟ ಕೂಡಲೇ ಜಾರಿಹೋದ ಗುಂಡನ್ನು ಮರಳಿ ಕೊಡುವ 'ಬಾಲ್ ಸೇವ್' ಕೆಲವೇ ಸೆಕೆಂಡುಗಳ ಉಪಕಾರ. ಅದೂ ಇಲ್ಲದಿದ್ದರೆ ಎಷ್ಟೋ ಜನ ಎರಡನೇ ನಾಣ್ಯ ಹಾಕುತ್ತಲೇ ಇರಲಿಲ್ಲ.

1999ರಲ್ಲಿ ವಿಲಿಯಮ್ಸ್ ಪಿನ್‌ಬಾಲ್ ನಿಲ್ಲಿಸಿತು. ಈಗ ಮುಂಚೂಣಿಯಲ್ಲಿರುವ ಸ್ಟರ್ನ್ ಕಂಪನಿ ಒಂದೇ ಆಟವನ್ನು ಪ್ರೊ, ಪ್ರೀಮಿಯಂ, ಲಿಮಿಟೆಡ್ ಎಡಿಷನ್ ಎಂದು ಮೂರು ದರ್ಜೆಗಳಲ್ಲಿ ಮಾರುತ್ತದೆ. ಪ್ರೊ ಮುಖ್ಯವಾಗಿ ಅಂಗಡಿ, ಆರ್ಕೇಡ್‌ಗಳಿಗೆ, ಲಿಮಿಟೆಡ್ ಸಂಗ್ರಾಹಕರಿಗೆ. ವಿಶ್ವ ಚಾಂಪಿಯನ್ ಆಗಿದ್ದ ಕೀತ್ ಎಲ್ವಿನ್ 2021ರಲ್ಲಿ ರೂಪಿಸಿದ 'ಗಾಡ್ಜಿಲ್ಲಾ'ದ ದುಬಾರಿ ದರ್ಜೆಗಳಲ್ಲಿ ಕಟ್ಟಡವೊಂದು ಮಹಡಿ ಮಹಡಿಯಾಗಿ ಕುಸಿಯುತ್ತದೆ. ಅದು ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಆಟದ ರುಚಿ ಗುಂಡು ಹರಿಯುವ ದಾರಿಯಲ್ಲಿದೆ, ಆ ದಾರಿ ಪ್ರೊ ಆಡುವವರಿಗೂ ಹೆಚ್ಚುಕಡಿಮೆ ಅದೇ. ಎಲ್ವಿನ್ ಮೇಲೆ ನನಗೆ ಗೌರವ ಹುಟ್ಟುವುದು ಇಲ್ಲಿ.

ಇಬ್ಬರನ್ನೂ ನಿಭಾಯಿಸುವ ಕೆಲಸ ಒಂದಿಷ್ಟು ಯಂತ್ರದ ಒಡೆಯರ ಕೈಯಲ್ಲೂ ಇದೆ. ಅನೇಕ ಯಂತ್ರಗಳಲ್ಲಿ ಎರಡು ಅಂಚುಗಳ ಗುಂಡು ಜಾರುವ ಓಣಿಯ ಬಾಯಲ್ಲಿ ರಬ್ಬರ್ ತೊಟ್ಟ ಪುಟ್ಟ ಕಂಬವಿದೆ, ಅದನ್ನು ಕೂರಿಸಲು ಎರಡು ಮೂರು ತೂತುಗಳಿವೆ. ಮಕ್ಕಳು ಆಡುವ ದಿನ ಗಾಜು ಸರಿಸಿ, ಕಂಬವನ್ನು ಓಣಿ ಕಿರಿದಾಗುವ ತೂತಿಗೆ ಬದಲಿಸಬಹುದು. ಗೆಳೆಯರು ಪಂದ್ಯಕ್ಕೆ ಕೂಡಿದ ಸಂಜೆ ಮತ್ತೆ ಹಿಂದಕ್ಕೆ.