ಹುಟ್ಟು ಹಿಡಿಯುವ ಮುನ್ನ ಹೊಳೆಯ ವೇಳಾಪಟ್ಟಿ

ಕರಾವಳಿಯ ಹಿನ್ನೀರಿನಲ್ಲಿ ಮೊದಲ ಬಾರಿ ಕಯಾಕ್ ಏರುವವರಿಗೆ ಬೇಕಾದ ಸಿದ್ಧತೆ

ನವೆಂಬರ್ ಹೊತ್ತಿಗೆ ಕರಾವಳಿಯ ಹೊಳೆಗಳ ಕೆಂಪು ಇಳಿದು ನೀರು ತಿಳಿಯಾಗುತ್ತದೆ. ಸಾಲಿಗ್ರಾಮದ ಪಾರಂಪಳ್ಳಿಯ ಸೀತಾ ನದಿಯಲ್ಲಿ, ಕುಂದಾಪುರದ ಪಂಚಗಂಗಾವಳಿಯಲ್ಲಿ, ಹೊನ್ನಾವರದ ಶರಾವತಿಯಲ್ಲಿ, ಮೂಲ್ಕಿಯ ಶಾಂಭವಿಯಲ್ಲಿ ಹಳದಿ, ಕಿತ್ತಳೆ ಬಣ್ಣದ ಕಯಾಕ್‌ಗಳು ಕಾಣಿಸಿಕೊಳ್ಳುತ್ತವೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದವರು ಲೈಫ್ ಜಾಕೆಟ್ ತೊಟ್ಟು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ನೆರಳುಗಾಲುವೆಗೆ ನುಗ್ಗುತ್ತಾರೆ. ಆ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ‘ನಾವೂ ಒಮ್ಮೆ ಹೋಗಬೇಕು’ ಎಂದುಕೊಳ್ಳುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಜಾಗ, ಆಮೇಲೆ ಹೋಂಸ್ಟೇ, ಕೊನೆಗೆ ದರ.

ಆದರೆ ಬೆಳಿಗ್ಗೆ ದೋಣಿ ತೇಲಿದ ಅದೇ ಕಾಲುವೆಯಲ್ಲಿ ಮಧ್ಯಾಹ್ನ ಮೊಣಕಾಲುದ್ದದ ಕೆಸರು ಮಾತ್ರ ಉಳಿದಿರಬಹುದು. ಬೆಳಿಗ್ಗೆ ಕನ್ನಡಿಯಂತಿದ್ದ ಹೊಳೆಯ ನಡುಭಾಗದಲ್ಲಿ ಹನ್ನೆರಡರ ನಂತರ ಅಲೆ ಎದ್ದು, ಎಷ್ಟು ಹುಟ್ಟು ಹಾಕಿದರೂ ದೋಣಿ ಮುಂದೆ ಸಾಗದೇ ಇರಬಹುದು. ಹೊಸಬರು ಪೇಚಿಗೆ ಸಿಲುಕುವುದು ಹೆಚ್ಚಾಗಿ ವಾಪಸು ಬರುವಾಗ. ಹೋಗುವಾಗ ತೋಳಿನಲ್ಲಿ ಕಸುವಿರುತ್ತದೆ, ನೀರು ತಾನಾಗಿ ತಳ್ಳುತ್ತಿರುತ್ತದೆ, ಮಾತು ನಡೆಯುತ್ತಿರುತ್ತದೆ. ಅದೇ ನೀರು ತಿರುಗಿ ಬರುವಾಗ ಎದುರಾಗುತ್ತದೆ. ಹಾಗಾಗಿ ಮೊದಲ ಯಾನದ ಯೋಜನೆಯನ್ನು ಹಿಂದುಮುಂದಾಗಿ ಮಾಡುವುದೇ ಸರಿ. ಎಷ್ಟು ಹೊತ್ತಿಗೆ, ಯಾವ ನೀರಿನಲ್ಲಿ, ಯಾವ ಗಾಳಿಯಲ್ಲಿ ದಡಕ್ಕೆ ಮರಳಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಹೊರಡುವ ಹೊತ್ತನ್ನು ಅದರಿಂದ ಲೆಕ್ಕ ಹಾಕಬೇಕು.

ಭರತ, ಇಳಿತ ಮತ್ತು ಶನಿವಾರ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರನ ಲೆಕ್ಕ ಸೂರ್ಯನ ಗಡಿಯಾರಕ್ಕೆ ಹೊಂದುವುದಿಲ್ಲವಾದ್ದರಿಂದ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಹೀಗೆ ಏಳು ದಿನ ಜಾರಿದರೆ ಹತ್ತಿರ ಹತ್ತಿರ ಆರು ಗಂಟೆ. ಎಂದರೆ ಈ ಶನಿವಾರ ಬೆಳಿಗ್ಗೆ ಎಂಟೂವರೆಗೆ ತುಂಬಿ ನಿಂತ ಹೊಳೆ ಮುಂದಿನ ಶನಿವಾರ ಅದೇ ಹೊತ್ತಿಗೆ ತಳ ಕಾಣಿಸುತ್ತಿರುತ್ತದೆ. ಅದರ ಮುಂದಿನ ಶನಿವಾರ ಮತ್ತೆ ತುಂಬಿರುತ್ತದೆ. ಗೆಳೆಯರು ಹೋದ ವಾರ ಹೋಗಿ ಬಂದು ಹೊಗಳಿದ ಜಾಗ ಈ ವಾರ ನಿಮಗೆ ಬೇರೆಯೇ ಆಗಿ ಕಾಣುವುದು ಇದರಿಂದಲೇ.

ನೀರು ಏರುವುದಾಗಲಿ ಇಳಿಯುವುದಾಗಲಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಆರು ಗಂಟೆಯ ಬದಲಾವಣೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು. ನಾವಿಕರು ಬಹುಕಾಲದಿಂದ ಬಳಸುತ್ತಿರುವ ಅಂದಾಜಿನ ಸೂತ್ರವಿದು. ಹೊಸಬರಿಗೆ ಇದರಿಂದ ತಿಳಿಯುವುದು ಇಷ್ಟು: ಭರತ ಮುಟ್ಟುವ ಮೊದಲಿನ ಮತ್ತು ನಂತರದ ಒಂದೊಂದು ತಾಸು ಹೊಳೆ ಸೌಮ್ಯ; ನಡುವಿನ ಎರಡು ತಾಸು ಸೆಳೆತ ಜೋರು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು.

ಒಂದು ಉದಾಹರಣೆ ನೋಡೋಣ. ಭರತ 8.30ಕ್ಕೆ ಎಂದಿಟ್ಟುಕೊಳ್ಳಿ. ಏಳು ಗಂಟೆಗೆ ನೀರಿಗಿಳಿದು, ಏರುವ ನೀರಿನ ಜೊತೆಗೇ ಹೊಳೆಯ ಮೇಲ್ದಿಕ್ಕಿಗೆ ಹೋಗಿ. ಹೊಸಬರ ವೇಗ ಗಂಟೆಗೆ ಮೂರು ಕಿಲೋಮೀಟರ್ ಸುತ್ತಮುತ್ತ. ನಿಂತು, ನೋಡಿ, ಫೋಟೊ ತೆಗೆಯುತ್ತ ಹೋದರೆ ಎಂಟೂಕಾಲರ ಹೊತ್ತಿಗೆ ಎರಡೂವರೆ ಕಿಲೋಮೀಟರ್ ಆದೀತು. ನೀರು ನಿಂತಿರುವಾಗ ಯಾವುದಾದರೂ ಕುದ್ರುವಿನ (ಹೊಳೆನಡುವಿನ ದ್ವೀಪದ) ಅಂಚಿನಲ್ಲಿ ಅರ್ಧ ಗಂಟೆ ವಿಶ್ರಾಂತಿ. ಒಂಬತ್ತಕ್ಕೆ ತಿರುಗಿದರೆ ಇಳಿಯತೊಡಗಿದ ನೀರು ಮೆಲ್ಲಗೆ ಹಿಂದಕ್ಕೆ ತರುತ್ತದೆ. ಹತ್ತರ ಒಳಗೆ ದಡ. ಒಟ್ಟು ಐದು ಕಿಲೋಮೀಟರ್: ಮೊದಲ ದಿನಕ್ಕೆ ಅಷ್ಟು ಧಾರಾಳ.

ಭರತದ ಹೊತ್ತನ್ನು ತಿಳಿಯಲು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ (ಇನ್‌ಕಾಯ್ಸ್) ಮುನ್ಸೂಚನೆ ನೋಡಬಹುದು. ಆದರೆ ಪಟ್ಟಿಯಲ್ಲಿರುವುದು ಬಂದರಿನ ಹೊತ್ತು. ಹೊಳೆಯೊಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ, ಸೆಳೆತ ತಿರುಗುವುದೂ ಹಿಂದೆಮುಂದೆ ಆಗುತ್ತದೆ. ಆ ವ್ಯತ್ಯಾಸ ಗೊತ್ತಿರುವುದು ಅಲ್ಲಿಯ ದೋಣಿಯವರಿಗೆ. ‘ಇವತ್ತು ಇಲ್ಲಿ ನೀರು ಯಾವಾಗ ತಿರುಗುತ್ತದೆ?’ ಎಂದು ಅವರನ್ನು ಕೇಳಲೇಬೇಕು.

ಗಾಳಿಗೂ ಒಂದು ಹೊತ್ತು

ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಏರಿದಂತೆ ಕಡಲ ಕಡೆಯ ತಂಪು ಗಾಳಿ ಒಳಗೆ ನುಗ್ಗುತ್ತದೆ. ಚಳಿಗಾಲ, ಬೇಸಿಗೆಯ ತಿಂಗಳುಗಳಲ್ಲಿ ಸುಮಾರು ಹನ್ನೊಂದರ ನಂತರ ಶುರುವಾಗುವ ಈ ಪಡುಗಾಳಿ ಮಧ್ಯಾಹ್ನದ ನಂತರ ಬಲಿಯುತ್ತದೆ. ನಮ್ಮ ಹೊಳೆಗಳು ಪಡುವಣಕ್ಕೆ ಹರಿಯುವುದರಿಂದ, ಹೊಳೆಯ ಮೇಲಿನಿಂದ ವಾಪಸು ಬರುವವರ ಮುಖಕ್ಕೇ ಅದು ಬಡಿಯುತ್ತದೆ. ಇಳಿಯುವ ನೀರು ಪಡುವಣಕ್ಕೆ, ಗಾಳಿ ಮೂಡಣಕ್ಕೆ. ಇವೆರಡೂ ಎದುರುಬದುರಾದಾಗ ಅಗಲವಾದ ಹಿನ್ನೀರಿನಲ್ಲಿ ಗಿಡ್ಡ, ಕಡಿದಾದ ಅಲೆಗಳು ಏಳುತ್ತವೆ. ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ ಕಂಡರೆ ಹೊಸಬರು ನೀರಿಗಿಳಿಯಬಾರದು. ಈಗಾಗಲೇ ಇಳಿದಿದ್ದರೆ ದಡದ ಪಕ್ಕದಲ್ಲೇ ಸಾಗಬೇಕು.

ಹೊಳೆ ಕಡಲು ಸೇರುವ ಅಳಿವೆ ಬಾಗಿಲನ್ನಂತೂ ಮೊದಲ ಯಾನದ ನಕ್ಷೆಯಿಂದಲೇ ತೆಗೆದುಹಾಕಿ. ಇಳಿತದ ಹೊತ್ತಿನಲ್ಲಿ ಇಡೀ ಹಿನ್ನೀರು ಆ ಇಕ್ಕಟ್ಟಿನಿಂದಲೇ ಹೊರಹೋಗುತ್ತದೆ. ಪಂಚಗಂಗಾವಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳ ನೀರು ಗಂಗೊಳ್ಳಿಯ ಬಳಿ ಒಂದೇ ಬಾಯಿಯಿಂದ ಕಡಲಿಗೆ ಬೀಳುವುದನ್ನು ದಡದಲ್ಲಿ ನಿಂತು ನೋಡಿದರೆ ಸಾಕು, ಕಾರಣ ಅರ್ಥವಾಗುತ್ತದೆ. ಇನ್ನೊಂದು ತುದಿಯಲ್ಲಿ, ಉಪ್ಪುನೀರು ಏರದಂತೆ ಕಟ್ಟಿದ ಕಿಂಡಿ ಅಣೆಕಟ್ಟುಗಳಿವೆ. ಕಿಂಡಿಯ ಮೂಲಕ ರಭಸದಿಂದ ನುಗ್ಗುವ ನೀರು ದೋಣಿಯನ್ನೂ ದೋಣಿಯಲ್ಲಿದ್ದವರನ್ನೂ ಕಂಬಕ್ಕೆ ಒತ್ತಿ ಹಿಡಿಯಬಲ್ಲದು. ಅಲ್ಲಿಂದಲೂ ದೂರವಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕಾ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಹೊಸಬರಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಯಾವ ದೋಣಿ, ಯಾವ ನೀರು

ಕಯಾಕ್ ಉತ್ತರ ಧ್ರುವದ ಸುತ್ತಲಿನ ಇನ್ಯೂಟ್ ಮತ್ತಿತರ ಜನ ಸೀಲ್ ಚರ್ಮ ಹೊದಿಸಿ ಕಟ್ಟಿದ ಬೇಟೆಯ ದೋಣಿ. ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟಿನಿಂದ ಎಡಬಲ ಸರದಿಯಂತೆ ಮೀಟುವುದು ಅದರ ಕ್ರಮ. ಕ್ಯಾನೂಗೆ ಒಂದೇ ಹಲಗೆಯ ಹುಟ್ಟು. ಮಂಡಿಯೂರಿ ಅಥವಾ ಅಡ್ಡಹಲಗೆಯ ಮೇಲೆ ಕೂತು ನಡೆಸುವುದು. ನಮ್ಮ ಹೊಳೆಗಳಲ್ಲಿ ಒಂದೇ ಮರ ತೋಡಿ ಮಾಡುತ್ತಿದ್ದ ದೋಣಿಗಳು ಇದಕ್ಕೆ ನೆಂಟರು. ಬಾಡಿಗೆಗೆ ಸಿಗುವುದು ಬಹುತೇಕ ಕಯಾಕ್, ಅದರಲ್ಲೂ ಮೇಲೆ ಕೂರುವ ತೆರೆದ ಬಗೆಯದು. ಹೊಸಬರಿಗೆ ಅದೇ ಒಳ್ಳೆಯದು: ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ, ಒಳಬಂದ ನೀರು ತಳದ ತೂತುಗಳಿಂದ ತಾನೇ ಹೊರಹೋಗುತ್ತದೆ. ಗಾಳಿ ತುಂಬುವ ಕಯಾಕನ್ನು ಕಾಂಡ್ಲಾ ನಡುವೆ ಒಯ್ಯಬೇಡಿ; ಬೇರುಗಳಿಗೆ ಅಂಟಿದ ಸಿಂಪಿಗಳ ಅಂಚು ಬ್ಲೇಡಿನಷ್ಟು ಹರಿತ.

ಇಬ್ಬರು ಕೂರುವ ಕಯಾಕಿನಲ್ಲಿ ಭಾರವಾದವರು, ಬಲವಿದ್ದವರು ಹಿಂದೆ. ಮುಂದಿನವರು ಲಯ ಕೊಡುತ್ತಾರೆ, ಹಿಂದಿನವರು ಅದಕ್ಕೆ ಹೊಂದಿಕೊಂಡು ದಿಕ್ಕು ತಿದ್ದುತ್ತಾರೆ. ಯಾರ ಮಾತು ನಡೆಯಬೇಕು ಎಂಬುದು ದಡದಲ್ಲೇ ತೀರ್ಮಾನವಾಗಲಿ. ನಡುಹೊಳೆಯಲ್ಲಿ ಸಂಸಾರದ ವಾದ ಬೇಡ. ಮೀಟುವುದು ಬರಿಯ ತೋಳಿನಿಂದಲ್ಲ. ಪಾದವನ್ನು ಆನಿಕೆಗೆ ಒತ್ತಿ, ಮಂಡಿ ತುಸು ಮಡಿಸಿ, ಸೊಂಟದಿಂದ ಮೇಲೆ ಮೈ ತಿರುಗಿಸಿದರೆ ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ. ತೋಳಿನಲ್ಲೇ ಎಳೆಯುವವರು ಅರ್ಧ ಗಂಟೆಗೆ ಸುಸ್ತಾಗುತ್ತಾರೆ.

ಒಳನಾಡಿನವರಿಗೆ ಲಿಂಗನಮಕ್ಕಿಯ ಹಿನ್ನೀರಿನ ಹೊನ್ನೇಮರಡುವಿನಂಥ ಜಾಗಗಳಿವೆ. ಅಲ್ಲಿ ಉಬ್ಬರವಿಳಿತದ ಗೊಡವೆಯಿಲ್ಲ. ಆದರೆ ಬಯಲು ನೀರಿನ ಮೇಲೆ ಮಧ್ಯಾಹ್ನದ ಗಾಳಿ ಬಲವಾಗಿ ಬೀಸುತ್ತದೆ, ಮುಳುಗಿದ ಮರಗಳ ಮೋಟುಗಳು ನೀರಿನ ಮಟ್ಟದ ಕೆಳಗೇ ನಿಂತಿರುತ್ತವೆ. ದಾಂಡೇಲಿ, ಗಣೇಶಗುಡಿ ಕಡೆಯ ಕಾಳಿಯಲ್ಲಿ ವಿದ್ಯುತ್ತಿಗಾಗಿ ಸೂಪಾದಿಂದ ನೀರು ಬಿಟ್ಟಾಗ ಹರಿವು ಹೆಚ್ಚುತ್ತದೆ. ದಾಂಡೇಲಿ ಸುತ್ತ ಮೊಸಳೆಗಳೂ ಇವೆ. ಅಲ್ಲಿ ಮಾರ್ಗದರ್ಶಕರಿಲ್ಲದೆ ಇಳಿಯಬಾರದು.

ಮಗುಚುವುದನ್ನು ಮೊದಲು ಕಲಿಯಿರಿ

ಬಾಡಿಗೆ ಕೊಡುವವರನ್ನು ಫೋನಿನಲ್ಲೇ ಕೇಳಿ: ‘ದೋಣಿ ಮಗುಚಿದರೆ ಮತ್ತೆ ಹತ್ತುವುದನ್ನು ಹೇಳಿಕೊಡುತ್ತೀರಾ? ನಮ್ಮ ಜೊತೆ ಇನ್ನೊಂದು ದೋಣಿಯಲ್ಲಿ ಯಾರಾದರೂ ಬರುತ್ತಾರಾ?’ ಹೌದು ಎನ್ನದ ಕಡೆಗೆ ಹೋಗಬೇಡಿ. ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಒಮ್ಮೆ ಮಗುಚಿಸಿ ನೋಡಬೇಕು. ದೋಣಿಯನ್ನು ನೆಟ್ಟಗೆ ತಿರುವಿ, ನಡುಭಾಗದಲ್ಲಿ ಎರಡೂ ಕೈಯಿಂದ ಹಿಡಿದು, ಕಾಲನ್ನು ನೀರಿನ ಮೇಲ್ಮೈಗೆ ತಂದು ಬಡಿಯುತ್ತ, ಹೊಟ್ಟೆಯನ್ನು ದೋಣಿಗೆ ಅಡ್ಡಲಾಗಿ ಎಳೆದುಕೊಳ್ಳಿ. ಮತ್ತೆ ಹೊರಳಿ ಕೂರಿ, ಕೊನೆಗೆ ಕಾಲು ಒಳಗೆ. ನೇರ ಮೇಲಕ್ಕೆ ಹತ್ತಲು ಹೋದರೆ ದೋಣಿ ಪುನಃ ಮೈಮೇಲೆ ಬೀಳುತ್ತದೆ. ಹತ್ತಲಾಗದಿದ್ದರೂ ದೋಣಿಯನ್ನು ಬಿಡಬಾರದು: ಅದು ತೇಲುತ್ತದೆ, ದೂರದಿಂದ ಕಾಣುತ್ತದೆ.

ಈಜು ಬರುವವರಿಗೂ ಲೈಫ್ ಜಾಕೆಟ್ ಬೇಕು. ಎಲ್ಲ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ದಾರ ಬಿಗಿದು ಕಳುಹಿಸುವುದು ಅಪಾಯ; ಅವರ ಅಳತೆಯದು ಇಲ್ಲವೆಂದರೆ ಅವರು ದಡದಲ್ಲಿರಲಿ.

ಬಟ್ಟೆ ಬೇಗ ಒಣಗುವಂಥದ್ದಿರಲಿ. ಜೀನ್ಸ್ ನೀರು ಕುಡಿದು ಭಾರವಾಗುತ್ತದೆ. ಕಾಲಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆಯ ಶೂ, ಕನ್ನಡಕಕ್ಕೆ ದಾರ, ಟೋಪಿಗೂ ದಾರ. ತಲೆಗೆ ಒಂದು ಲೀಟರ್ ಕುಡಿಯುವ ನೀರು, ಸುತ್ತಲಿರುವುದು ಉಪ್ಪುನೀರು. ಮೊಬೈಲು, ಗಾಡಿಯ ಕೀ ನೀರು ಹೊಗದ ಚೀಲದಲ್ಲಿ. ಜಾಕೆಟಿಗೆ ಕಟ್ಟಿದ ಸೀಟಿ. ತುರ್ತಿಗೆ 112, ಕಡಲಿನ ಅಪಾಯಕ್ಕೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಕರೆ ಮಾಡಬೇಕು ಎಂಬುದು ದಡದಲ್ಲಿರುವ ಒಬ್ಬರಿಗಾದರೂ ಗೊತ್ತಿರಬೇಕು.

ಹೊಳೆಯಲ್ಲಿ ನಮಗಿಂತ ಮೊದಲಿದ್ದವರು

ಬೆಳಗಿನ ಭರತ ನಮಗೆ ವಿಹಾರದ ಹೊತ್ತು. ನಾಡದೋಣಿಯವರಿಗೆ ದುಡಿಮೆಯ ಹೊತ್ತು. ಸಾಲಾಗಿ ತೇಲುವ ಬೆಂಡುಗಳು ಕಂಡರೆ ಕೆಳಗೆ ಬಲೆಯಿದೆ ಎಂದರ್ಥ, ಬಳಸಿಕೊಂಡು ಹೋಗಿ. ಬಲೆ ಬೀಸುವವರ ಮುಂದೆ ಹಾಯಬೇಡಿ. ಯಂತ್ರದ ದೋಣಿ ಪಕ್ಕದಲ್ಲಿ ಸಾಗಿದರೆ ಅದರ ಅಲೆಗೆ ಕಯಾಕಿನ ಮೂತಿ ಎದುರಾಗಿರಲಿ; ಪಕ್ಕೆಗೆ ಬಡಿದರೆ ಹೊಸಬರು ಮಗುಚುತ್ತಾರೆ. ಕಾಂಡ್ಲಾ ಬೇರುಗಳನ್ನು ಹಿಡಿದು ದೋಣಿ ಎಳೆಯಬೇಡಿ, ಅವು ಮೀನು, ಸಿಗಡಿ, ಏಡಿಗಳ ಮರಿ ಬೆಳೆಯುವ ಜಾಗ. ಬಾಡಿಗೆಯ ಸ್ಪೀಕರನ್ನು ಕೋಣೆಯಲ್ಲೇ ಬಿಟ್ಟರೆ ಮಿಂಚುಳ್ಳಿಯೂ ಕೆಂಗರುಡನೂ ಕಾಣಸಿಗುತ್ತವೆ.

ತಿರುಗುವ ಜಾಗವನ್ನಲ್ಲ, ತಿರುಗುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ‘ಆ ಸೇತುವೆಯವರೆಗೆ’ ಎಂದುಕೊಂಡವರು ಎಷ್ಟು ಹೊತ್ತಾದರೂ ಸೇತುವೆ ಮುಟ್ಟಲು ಹೆಣಗುತ್ತಾರೆ. ‘ಒಂಬತ್ತಕ್ಕೆ’ ಎಂದುಕೊಂಡವರು ಎಲ್ಲಿದ್ದರೂ ತಿರುಗುತ್ತಾರೆ. ಹಾಗೆಯೇ, ದಡಕ್ಕೆ ಬಂದಾಗ ಗಾಳಿ ಆಗಲೇ ಎದ್ದಿದ್ದರೆ, ಬಸ್ಸು ತಡವಾಗಿ ಭರತ ಕಳೆದುಹೋಗಿದ್ದರೆ, ಜೊತೆಯವರಿಗೆ ಮೈ ಸರಿಯಿಲ್ಲದಿದ್ದರೆ ಅಂದಿನ ಯಾನ ಬಿಟ್ಟುಬಿಡಬೇಕು. ಬಸ್ಸಿನ, ಕೋಣೆಯ ದುಡ್ಡು ಹೋಯಿತಲ್ಲ ಎಂಬ ಸಂಕಟವೇ ಎಷ್ಟೋ ಜನರನ್ನು ಇಳಿಯಬಾರದ ನೀರಿಗೆ ಇಳಿಸುತ್ತದೆ. ಅದಕ್ಕೊಂದು ಉಪಾಯ: ರಜೆ ಹಾಕುವಾಗಲೇ ಎರಡು ವಾರದ ಅಂತರದ ಎರಡು ಶನಿವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮೊದಲನೆಯದು ಕೈಕೊಟ್ಟರೆ ಎರಡನೆಯ ಶನಿವಾರ ಹೆಚ್ಚುಕಡಿಮೆ ಅದೇ ಹೊತ್ತಿಗೆ ಭರತ ಸಿಗುತ್ತದೆ, ಹಾಕಿದ ಲೆಕ್ಕವನ್ನು ತುಸು ತಿದ್ದಿದರೆ ಸಾಕು.