ಮಹಿಳಾ ಸಮಾಜದ ನಡಾವಳಿ ಪುಸ್ತಕ

ವಾರಕ್ಕೊಂದು ದಿನ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸಂಜೆಯ ಅಡಿಗೆಗೆ ಕೈಹಾಕುವುದಕ್ಕೆ ಮುಂಚೆ, ನಮ್ಮ ಬೀದಿಯ ಹೆಂಗಸರು ಕೈಚೀಲದಲ್ಲಿ ಒಂದು ನೋಟುಪುಸ್ತಕವನ್ನೂ ಅರ್ಧ ಮುಗಿದ ಕಸೂತಿಯನ್ನೂ ಇಟ್ಟುಕೊಂಡು ಮಹಿಳಾ ಸಮಾಜಕ್ಕೆ ಹೊರಡುತ್ತಾರೆ. ಅಲ್ಲಿ ಏನು ನಡೆಯುತ್ತದೆಂದು ಮನೆಯ ಗಂಡಸರನ್ನು ಕೇಳಿದರೆ, “ಭಜನೆ, ಹರಟೆ, ಉಪ್ಪಿಟ್ಟು” ಎಂದು ನಗುವವರೇ ಹೆಚ್ಚು. ನಾನೂ ಹಾಗೆ ನಗುತ್ತಿದ್ದವನೇ. ಆ ನಗೆ ನಿಂತ ಬಗೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಮಾತಿನ ಅರ್ಥ. ಅಮರಕೋಶವು ದನಕರುಗಳ ಗುಂಪನ್ನು ‘ಸಮಜ’ ಎಂದೂ, ಉಳಿದವರ ಕೂಟವನ್ನು ‘ಸಮಾಜ’ ಎಂದೂ ಬೇರ್ಪಡಿಸುತ್ತದೆ. ನಡುವೆ ಇರುವುದು ಒಂದೇ ಒಂದು ದೀರ್ಘ. ಸುಮ್ಮನೆ ಒಟ್ಟಿಗೆ ನಿಂತರೆ ಮಂದೆ. ಗೊತ್ತಾದ ಉದ್ದೇಶದಿಂದ ಸೇರಿ, ಸರದಿಯಂತೆ ಮಾತನಾಡಿ, ನಿಶ್ಚಯಿಸಿದ್ದನ್ನು ಬರೆದಿಟ್ಟುಕೊಂಡರೆ ಸಮಾಜ ಎಂದು ನಾನು ತರಗತಿಯಲ್ಲಿ ವಿವರಿಸುವುದುಂಟು.

ಕನ್ನಡನಾಡಿನಲ್ಲಿ ಇಂಥ ಕೂಟಗಳಿಗೆ ದಾರಿ ಮಾಡಿದವರು ಬಹಳ ಕಷ್ಟಪಟ್ಟವರು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡ ನಂಜನಗೂಡಿನ ತಿರುಮಲಾಂಬಾ ಅವರು 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರಲ್ಲದೆ, 1938ರಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಸ್ವಾತಂತ್ರ್ಯಾನಂತರ, 1953ರಲ್ಲಿ, ದುರ್ಗಾಬಾಯಿಯವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಏರ್ಪಟ್ಟು, ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನ ದೊರೆಯುವಂತಾಯಿತು. ಹೊಲಿಗೆ ತರಗತಿ, ಶಿಶುವಿಹಾರ, ಸಣ್ಣ ವಾಚನಾಲಯ, ಇವು ಊರೂರಿನ ಸಮಾಜಗಳ ನಿತ್ಯದ ಕೆಲಸಗಳಾದವು.

ಸಮಾಜವನ್ನು ನೋಂದಾಯಿಸಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಕನಿಷ್ಠ ಏಳು ಜನ ಬೇಕು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ತಪಾಸಣೆಯಾದ ಲೆಕ್ಕಪತ್ರ. ಈಗ ಅನೇಕ ಸಮಾಜಗಳ ಮಡಿಲಲ್ಲಿಯೇ ಉಳಿತಾಯದ ಗುಂಪುಗಳೂ ಇವೆ. ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಪ್ರಾಯೋಗಿಕವಾಗಿ ಕೈಗೊಂಡಿತು. ನಮ್ಮ ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮಂದಿ ಇರುತ್ತಾರೆ.

ಇದರ ಲೆಕ್ಕ ಸರಳವಾದದ್ದು. ಹದಿನೈದು ಮಂದಿ ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ಹಾಕಿದರೆ ವಾರಕ್ಕೆ 300 ರೂಪಾಯಿ, ವರ್ಷಕ್ಕೆ 15,600 ರೂಪಾಯಿ. ಈ ಹಣವನ್ನು ಪೆಟ್ಟಿಗೆಯಲ್ಲಿ ಮಲಗಿಸುವುದಿಲ್ಲ. ಅಗತ್ಯವಿದ್ದ ಸದಸ್ಯೆಗೆ ಸಾಲವಾಗಿ ಕೊಡುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯೆಂದು ಇಟ್ಟುಕೊಂಡರೆ, 5,000 ರೂಪಾಯಿ ಸಾಲಕ್ಕೆ ಮೊದಲ ತಿಂಗಳ ಬಡ್ಡಿ 100 ರೂಪಾಯಿ. ಈ ಬಡ್ಡಿ ಲೇವಾದೇವಿಗಾರನ ಜೇಬಿಗೆ ಹೋಗದೆ ಹದಿನೈದು ಜನರ ಗಂಟಿಗೇ ಹಿಂದಿರುಗುತ್ತದೆ. ಕ್ರಮವಾಗಿ ನಡೆದ ಗುಂಪಿಗೆ ಬ್ಯಾಂಕೂ ಸಾಲ ಕೊಡುತ್ತದೆ. ಆಗ ಬ್ಯಾಂಕಿನವರು ಮೊದಲು ಕೇಳುವುದು ಒಡವೆಯನ್ನಲ್ಲ, ಪುಸ್ತಕವನ್ನು: ಸಭೆ ತಪ್ಪದೆ ಸೇರಿತೇ? ಯಾರು ಎಷ್ಟು ಕಟ್ಟಿದರು? ಯಾರು ರುಜು ಹಾಕಿದರು?

ಇನ್ನು ನನ್ನ ತಪ್ಪಿನ ಕಥೆ. ನನ್ನ ಮನೆಯವರು ಇಂಥದೊಂದು ಗುಂಪಿನ ಲೆಕ್ಕ ಬರೆಯುವವರು. ಒಮ್ಮೆ ಅವರಿಗೆ ಜ್ವರ ಬಂದಾಗ, ಕರಡು ನಡಾವಳಿಯನ್ನು ಪುಸ್ತಕಕ್ಕೆ ಇಳಿಸಿಕೊಡಿರೆಂದು ನನ್ನನ್ನು ಕೇಳಿದರು. ಕರಡಿನಲ್ಲಿ ಹದಿನೈದು ಹೆಸರು. ಪ್ರತಿಯೊಂದರ ಮುಂದೆಯೂ “ಇಪ್ಪತ್ತು ಕೊಟ್ಟರು, ಎಣಿಸಿದ್ದಾಯಿತು” ಎಂಬ ಒಕ್ಕಣೆ. ಪುನರುಕ್ತಿದೋಷವನ್ನು ಸಹಿಸದ ಪಂಡಿತ ನಾನು! “ಸರ್ವ ಸದಸ್ಯೆಯರೂ ತಂತಮ್ಮ ಬಾಬ್ತನ್ನು ಪಾವತಿ ಮಾಡಿದುದನ್ನು ಸಭೆಯು ಸಂತೋಷದಿಂದ ದಾಖಲಿಸಿತು” ಎಂದು ಒಂದೇ ವಾಕ್ಯದಲ್ಲಿ ಮುಗಿಸಿ, ಕೆಳಗೆ ಒಟ್ಟು ಮೊತ್ತವನ್ನು ಬರೆದು, ಕರಡನ್ನು ಹರಿದು ಹಾಕಿದೆ.

ಎರಡು ತಿಂಗಳಾದ ಮೇಲೆ ಹೂ ಕಟ್ಟಿ ಮಾರುವ ಸದಸ್ಯೆಯೊಬ್ಬರ ಸಾಲದಲ್ಲಿ ಐನೂರು ರೂಪಾಯಿ ಬಾಕಿಯೆಂದು ಲೆಕ್ಕದಲ್ಲಿ ಬಂತು. ಅಂದೇ ಕಟ್ಟಿದೆನೆಂದು ಅವರು ಹೇಳಿದರು. ಅವರ ಕೈಪುಸ್ತಕ ಮಳೆಯಲ್ಲಿ ನೆನೆದು ಅಕ್ಷರ ಅಳಿದಿತ್ತು. ನಡಾವಳಿಯಲ್ಲಿ ನೋಡಿದರೆ ಐನೂರು ರೂಪಾಯಿ ಮೊತ್ತದೊಳಗೆ ಸೇರಿತ್ತು. ಕೊಟ್ಟವರ ಹೆಸರು ಮಾತ್ರ ನನ್ನ ಸುಂದರ ವಾಕ್ಯದಲ್ಲಿ ಕರಗಿಹೋಗಿತ್ತು. ಆಕೆ ಮೂರು ವಾರ ಸಭೆಗೆ ಬರಲಿಲ್ಲ. ಕೊನೆಗೆ ಆ ದಿನ ಪಕ್ಕದಲ್ಲಿ ಕುಳಿತು ಹಣ ಎಣಿಸಿದ್ದ ಇಬ್ಬರು ಅವರ ಮನೆಗೇ ಹೋಗಿ ಕರೆತಂದರು. ಎಲ್ಲರ ಎದುರಿಗೆ ಸಾಕ್ಷಿ ಹೇಳಿ ಲೆಕ್ಕವನ್ನು ತಿದ್ದಿಸಿದರು. ಅಂದು ಮನೆಗೆ ಬಂದ ನನ್ನ ಹೆಂಡತಿ ಹೇಳಿದ್ದು ಇಷ್ಟೇ: “ಇದು ನಿಮ್ಮ ಪ್ರಬಂಧವಲ್ಲಾ ರೀ, ಹದಿನೈದು ಜನರ ಮಾತು. ಇನ್ನು ಮೇಲೆ ನಾವೇ ಬರೆದುಕೊಳ್ಳುತ್ತೇವೆ.” ಅಲ್ಲಿಂದೀಚೆಗೆ ಪ್ರತಿ ಸಭೆಯ ಕೊನೆಯಲ್ಲಿ ನಡಾವಳಿಯನ್ನು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ರುಜು ಹಾಕುತ್ತಾರೆ. ಹೆಬ್ಬೆಟ್ಟು ಒತ್ತುತ್ತಿದ್ದ ಇಬ್ಬರು ಈಗ ಹೆಸರು ಬರೆಯಲು ಕಲಿತಿದ್ದಾರೆ.

ಈ ಅಭ್ಯಾಸ ಅಲ್ಲಿಗೇ ನಿಲ್ಲದೆ ಮನೆಗೂ ಬರುತ್ತದೆ. ದಿನಸಿಯ ಚೀಟಿ, ಹಾಲಿನ ಲೆಕ್ಕ, ಮಗಳ ಶುಲ್ಕ ಇವೆಲ್ಲ ಒಂದು ಪುಸ್ತಕಕ್ಕೆ ಏರುತ್ತವೆ. ಹೆಂಡತಿಯ ಹೆಸರಿನಲ್ಲಿ ಸಾಲ, ಗಂಡನ ಕೈಯಲ್ಲಿ ಖರ್ಚು ಎಂಬ ಪರಿಪಾಠ ಹಲವು ಮನೆಗಳಲ್ಲಿ ಇಂದಿಗೂ ಉಂಟು. ಕಂತು ತಪ್ಪಿದಾಗ ತಲೆತಗ್ಗಿಸಿ ನಿಲ್ಲುವವಳು ಮಾತ್ರ ಆಕೆ. ಸಾಲ ಯಾವುದಕ್ಕೆ ಎಂದು ಸಭೆಯಲ್ಲಿ ಬಾಯಿಬಿಟ್ಟು ಹೇಳಿ ಬರೆಸಿದ ಹೆಂಗಸು, ಅದೇ ಪ್ರಶ್ನೆಯನ್ನು ಮನೆಯಲ್ಲಿ ಕೇಳುವುದಕ್ಕೂ ಧೈರ್ಯ ಪಡೆಯುತ್ತಾಳೆ.

ಆದರೆ ಸಮಾಜದ ಆ ಎರಡು ಗಂಟೆಗಳು ಪುಕ್ಕಟೆಯಾಗಿ ಬರುವುದಿಲ್ಲ. ಅವುಗಳಿಗಾಗಿ ಆಕೆ ಬೆಳಗ್ಗೆ ಬೇಗನೆ ಎದ್ದು ಎರಡು ಹೊತ್ತಿನ ಪಲ್ಯ ಹೆಚ್ಚಿಟ್ಟಿರುತ್ತಾಳೆ. ನೀರು ಬರುವ ಹೊತ್ತನ್ನು ನೋಡಿ ಬಟ್ಟೆ ನೆನೆಸಿರುತ್ತಾಳೆ. ಅತ್ತೆಗೆ ಔಷಧಿ ಕೊಡುವವರು ಇಲ್ಲದ ದಿನ ಸಭೆ ತಪ್ಪುತ್ತದೆ. ಸಮಾಜಕ್ಕೆ ಬರುವುದನ್ನು ನಿಲ್ಲಿಸಿದವರಲ್ಲಿ ಆಸಕ್ತಿಯಿಲ್ಲದೆ ಬಿಟ್ಟವರಿಗಿಂತ, ಮನೆಯಲ್ಲಿ ಕೈಗೂಡಿಸುವವರಿಲ್ಲದೆ ಬಿಟ್ಟವರೇ ಹೆಚ್ಚೆಂದು ನಮ್ಮ ಬೀದಿಯಲ್ಲಿ ಕಂಡಿದ್ದೇನೆ.

ಆದಕಾರಣ ಓದುಗ ಮಹಾಶಯರಲ್ಲಿ ಒಂದು ಬಿನ್ನಹ. ಸಭೆಯ ದಿನ ಸಂಜೆ ರೇಡಿಯೋ ಕೇಳುತ್ತಾ ಕುಳಿತು ಕಾಫಿಗಾಗಿ ಬಾಗಿಲ ಕಡೆ ನೋಡಬೇಡಿ. ಡಿಕಾಕ್ಷನ್ ಇಳಿಸುವುದು ಅಂಥ ಕಠಿಣ ವಿದ್ಯೆಯೇನಲ್ಲ. ಐವತ್ತು ದಾಟಿದ ಮೇಲೆ ನಾನೂ ಕಲಿತೆ. ಸಭೆ ಮುಗಿಸಿ ಬಂದವರ ಕೈಗೆ ಒಂದು ಲೋಟ ಕೊಟ್ಟು, “ಇಂದು ಏನು ನಿಶ್ಚಯವಾಯಿತು?” ಎಂದು ಕೇಳಿ ನೋಡಿ.