ಮಳೆ ರಜೆಯ ಮಧ್ಯಾಹ್ನಕ್ಕೆ ಮನೆಯಲ್ಲೇ ಹಾಟ್ ಡಾಗ್

ಜುಲೈ ಬಂತೆಂದರೆ ದಕ್ಷಿಣ ಕನ್ನಡದ ಮಕ್ಕಳ ಕಿವಿಯೆಲ್ಲ ಜಿಲ್ಲಾಧಿಕಾರಿಗಳ ಪ್ರಕಟಣೆಯತ್ತಲೇ ಇರುತ್ತದೆ. ರಜೆ ಎಂಬ ಸುದ್ದಿ ಮಕ್ಕಳಿಗೆ ಹಬ್ಬ. ಅಡುಗೆಮನೆಗೆ ಮಾತ್ರ ಹೊಸ ಲೆಕ್ಕ. ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 73ರ ಬದಿಯಲ್ಲಿರುವ ಮುಂಡಾಜೆಯಂತಹ ಊರುಗಳಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಉಳಿದ ದಿನಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವಿದೆ. ರಾಜ್ಯದಲ್ಲಿ 2002ರಲ್ಲಿ ಆರಂಭಗೊಂಡ ಈ ವ್ಯವಸ್ಥೆಯಿಂದಾಗಿ ಮಧ್ಯಾಹ್ನದ ಊಟ ಹಲವು ಮನೆಗಳ ಚಿಂತೆಯ ಪಟ್ಟಿಯಿಂದ ಇಳಿದಿತ್ತು. ರಜೆ ಘೋಷಣೆಯಾದ ದಿನ ಅದು ಮತ್ತೆ ಏರುತ್ತದೆ. ಅಂದೇ ಮಕ್ಕಳು ಟಿ.ವಿ.ಯಲ್ಲಿ ಕಂಡ ಹಾಟ್ ಡಾಗ್ ಬೇಕೆಂದು ಹಟ ಹಿಡಿಯುತ್ತಾರೆ.

ಹೆಸರಿನಲ್ಲಿ ನಾಯಿಯಿದ್ದರೂ ತಿಂಡಿಯಲ್ಲಿಲ್ಲ. ಜರ್ಮನಿಯ ವಲಸಿಗರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ಒಯ್ದ ಸಾಸೇಜನ್ನು ಉದ್ದನೆಯ ಬನ್ನಿನ ಸೀಳಿನಲ್ಲಿಟ್ಟು ಸಾಸಿವೆ ಸವರಿದರೆ ಅದೇ ಹಾಟ್ ಡಾಗ್. ಉದ್ದ ಬನ್ನು, ಉದ್ದ ಹೂರಣ, ಕೈಯಲ್ಲಿ ಹಿಡಿದು ತಿನ್ನುವ ಅನುಕೂಲ: ಮಕ್ಕಳು ಮೆಚ್ಚುವುದು ಇದನ್ನೇ. ಇದರಲ್ಲಿ ದುಬಾರಿಯಾದದ್ದೂ, ತೊಡಕಿನದ್ದೂ ಸಾಸೇಜ್ ಒಂದೇ. ಅದನ್ನು ಬದಲಿಸಿದರೆ ಉಳಿದದ್ದೆಲ್ಲ ಸಲೀಸು.

ಸಾಸೇಜಿನ ತೊಡಕು

ಮೊದಲನೆಯದು ತಂಪಿನ ಪ್ರಶ್ನೆ. ಪೊಟ್ಟಣದ ಹೆಪ್ಪುಗಟ್ಟಿಸಿದ ಸಾಸೇಜನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಇಡಬೇಕು. ಘಾಟಿಯ ಬುಡದ ಊರುಗಳಲ್ಲಿ ಮಳೆಗಾಲವೆಂದರೆ ತಂತಿಯ ಮೇಲೆ ಮರ ಬೀಳುವ ಕಾಲ. 2019ರ ಆಗಸ್ಟ್‌ನ ನೆರೆಯನ್ನು, ಚಾರ್ಮಾಡಿ ಘಾಟಿಯ ಕುಸಿತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರೆಂಟು ಹೋದ ಮೇಲೆ ಬಾಗಿಲು ತೆರೆಯದ ಫ್ರಿಜ್‌ನಲ್ಲಿ ಆಹಾರ ಸುಮಾರು 4 ಗಂಟೆ ಮಾತ್ರ ಸುರಕ್ಷಿತ. ಅರ್ಧ ತುಂಬಿದ ಫ್ರೀಜರ್‌ನಲ್ಲಿ ಸುಮಾರು 24 ಗಂಟೆ ಎಂಬುದು ಅಮೆರಿಕದ ಆಹಾರ ಸುರಕ್ಷತಾ ಮಾರ್ಗಸೂಚಿ. ಕರಗಿ ಬೆಚ್ಚಗಾದ ಮಾಂಸವನ್ನು ಮತ್ತೆ ಹೆಪ್ಪುಗಟ್ಟಿಸಿ ಮಕ್ಕಳಿಗೆ ಕೊಡುವುದು ಉಳಿತಾಯವಲ್ಲ.

ಎರಡನೆಯದು ಆರೋಗ್ಯದ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ಅಧೀನದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರ್‌ನಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಸಾಸೇಜ್, ತಿಂದರೆ ದೊಡ್ಡಕರುಳಿನ ಕ್ಯಾನ್ಸರ್‌ನ ಸಾಧ್ಯತೆ ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಅಪರೂಪಕ್ಕೊಮ್ಮೆ ತಿಂದ ಮಗುವಿನ ಬಗ್ಗೆ ಗಾಬರಿಪಡಬೇಕಾಗಿಲ್ಲ, ರೂಢಿಯಾಗದಿದ್ದರೆ ಸಾಕು.

ಕಡಲೆ, ಹಲಸಿನ ಬೀಜ, ಬಾಳೆಲೆ

ಇನ್ನು ಬದಲಿ ಹೂರಣ. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆಂದು ಹಲಸಿನ ಬೀಜವನ್ನು ಮಣ್ಣು ಸವರಿ ಕಾಪಿಡುವ ಪದ್ಧತಿ ಹಳೆಯದು. ಹಿಟ್ಟನ್ನು ಎಲೆಯಲ್ಲಿ ಉದ್ದಕ್ಕೆ ಬೇಯಿಸುವ ವಿದ್ಯೆಯೂ ಇಲ್ಲಿಗೆ ಹೊಸದಲ್ಲ. ಮೂಡೆ ಮಾಡಬಲ್ಲ ಕೈಗೆ ಸಾಸೇಜಿನ ಆಕಾರ ಯಾವ ಲೆಕ್ಕ?

ನಾಲ್ಕು ಮಕ್ಕಳಿಗೆ ಎಂಟು ಹೂರಣ ಬೇಕಾದರೆ 100 ಗ್ರಾಂ ಕಪ್ಪು ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಂದಾಗ ಅದು ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಅಗ್ಗವಾಗುವ ಗುಟ್ಟು ಇಲ್ಲಿದೆ. ಹದಿನೈದು ಹಲಸಿನ ಬೀಜಗಳ ಬಿಳಿ ಸಿಪ್ಪೆ ತೆಗೆದು, ಒಂದು ಬಟಾಟೆಯೊಂದಿಗೆ ಕಡಲೆಯ ಜತೆಯಲ್ಲೇ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸುವುದು. ನೀರನ್ನು ಪೂರ್ತಿ ಬಸಿದು ನುಣ್ಣಗೆ ಅರೆಯಬೇಕು. ನೀರು ಉಳಿದರೆ ಹೂರಣ ಒಡೆಯುತ್ತದೆ, ಹೊಸಬರು ಸೋಲುವುದು ಇಲ್ಲಿಯೇ. ಸಣ್ಣಗೆ ಹೆಚ್ಚಿ ಹುರಿದ ಒಂದು ನೀರುಳ್ಳಿ, ಚೂರು ಶುಂಠಿ, ಜೀರಿಗೆ, ಚಿಟಿಕೆ ಮೆಣಸಿನ ಪುಡಿ, ಉಪ್ಪು ಸೇರಿಸಿ, ಎರಡು ದೊಡ್ಡ ಚಮಚ ಅಕ್ಕಿಹಿಟ್ಟು ಅಥವಾ ಅವಲಕ್ಕಿ ಪುಡಿ ಬೆರೆಸಿ ನಾದಬೇಕು. ಬನ್ನಿನಷ್ಟೇ ಉದ್ದಕ್ಕೆ, ಹೆಬ್ಬೆರಳಿನ ದಪ್ಪಕ್ಕೆ ಹೊಸೆದು, ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿಡುವುದು. ತಣಿದ ಮೇಲೆ ಎಲೆ ಬಿಡಿಸಿ, ಒಂದು ಚಮಚ ತೆಂಗಿನೆಣ್ಣೆ ಹಾಕಿದ ಕಾವಲಿಯಲ್ಲಿ ಉರುಳಿಸಿ ಕೆಂಪಗೆ ಮಾಡಿದರೆ ಹೊರಗೆ ಗರಿ, ಒಳಗೆ ಮೆದು. ಹಲಸಿನ ಬೀಜ ಹೊಟ್ಟೆಯಲ್ಲಿ ವಾಯು ಮಾಡುತ್ತದೆ ಎಂಬುದು ನಿಜ. ಶುಂಠಿ, ಜೀರಿಗೆ ಅದಕ್ಕೇ.

ಒಂದು ಮಾತನ್ನು ಮುಚ್ಚಿಡಬಾರದು. ಈ ಹೂರಣದಲ್ಲಿ ಮಾಂಸದ ಸಾಸೇಜಿನಷ್ಟು ಪ್ರೋಟೀನು ಇಲ್ಲ, ಅರ್ಧದಷ್ಟು ಇದ್ದೀತು. ಮೊಟ್ಟೆ ತಿನ್ನುವ ಮನೆಯಲ್ಲಿ ಒಂದು ಮೊಟ್ಟೆಯ ತೆಳು ಆಮ್ಲೆಟ್‌ನ್ನು ಸುರುಳಿ ಸುತ್ತಿ ಬನ್ನಿನೊಳಗಿಟ್ಟರೆ ಸುಮಾರು 6 ಗ್ರಾಂ ಪ್ರೋಟೀನು ಸಿಗುತ್ತದೆ, ಕೆಲಸ ಐದೇ ನಿಮಿಷದ್ದು. ಸಮಯವಿಲ್ಲದವರಿಗೆ ಇದೇ ಮೇಲು. ಮೊಟ್ಟೆ ತಿನ್ನದವರು ಜತೆಗೊಂದು ಲೋಟ ಹಾಲನ್ನೋ ಮಜ್ಜಿಗೆಯನ್ನೋ ಇಡಬಹುದು. ಮೀನಿನ ಆಸೆಯಿದ್ದರೆ ಆಗಸ್ಟ್‌ವರೆಗೆ ಕಾಯುವುದು ಒಳಿತು: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದರ ಏರಿರುತ್ತದೆ, ಮುಳ್ಳಿನ ಭಯ ಬೇರೆ.

ಬನ್ನು ಮತ್ತು ಸಾಸಿವೆ

ಬನ್ನನ್ನು ಬೇಕರಿಯಿಂದ ತರುವುದೇ ಜಾಣತನ. ಥಂಡಿ ಹವೆಯಲ್ಲಿ ಹಿಟ್ಟು ಉಬ್ಬಲು ಕಾಯುವಷ್ಟು ಸಹನೆ ಹಸಿದ ಮಕ್ಕಳಿಗಿಲ್ಲ. ಬಾಳೆಹಣ್ಣು ಹಾಕಿ ಕರಿಯುವ ಮಂಗಳೂರು ಬನ್ಸ್ ಈ ಕೆಲಸಕ್ಕೆ ಬಾರದು. ಉದ್ದ ಬನ್ನು ಸಿಗದಿದ್ದರೆ ಪಾವ್ ಆದೀತು, ಚಪಾತಿಯೂ ಆದೀತು. ಮುನ್ನಾದಿನ ಸಂಜೆ ಬೇಕರಿಗೆ ಹೋಗಲಾಗದ ಮನೆಗಳಿಗೆ ನೀರುದೋಸೆಯೇ ಗತಿ, ಮತ್ತು ಅದೇನೂ ಕೆಟ್ಟ ಗತಿಯಲ್ಲ. ಬ್ರೆಡ್ಡು, ಬನ್ನುಗಳಲ್ಲಿ ಬಳಕೆಯಲ್ಲಿದ್ದ ಪೊಟಾಷಿಯಂ ಬ್ರೋಮೇಟನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಜೂನ್‌ನಲ್ಲಿ ನಿಷೇಧಿಸಿದೆ.

ಬಾಟಲಿಯ ಸಾಸ್‌ನಲ್ಲಿ ಸಕ್ಕರೆ, ಉಪ್ಪು ಎರಡೂ ಹೆಚ್ಚು. ಸಾಸಮೆಗೆ ಅರೆಯುವಂತೆ ತೆಂಗಿನತುರಿಯನ್ನು ಅರ್ಧ ಚಮಚ ಸಾಸಿವೆಯೊಂದಿಗೆ ಗಟ್ಟಿಯಾಗಿ ಅರೆದು, ಸ್ವಲ್ಪ ಮೊಸರು ಕಲಸಿದರೆ ಅಮೆರಿಕದ ಮಸ್ಟರ್ಡ್‌ನ ಸ್ಥಾನ ತುಂಬುತ್ತದೆ. ಮುಳ್ಳುಸೌತೆಯ ತೆಳು ಹೋಳು ಮೇಲಿಟ್ಟರಾಯಿತು.

ಘಟ್ಟದ ಮೇಲಿನವರಿಗೆ ಹಲಸಿನ ಬೀಜ ಸಿಗಲಿಕ್ಕಿಲ್ಲ. ಗೆಣಸು ಅಥವಾ ಇನ್ನೊಂದು ಬಟಾಟೆ ಸೇರಿಸಿ, ಅಕ್ಕಿಹಿಟ್ಟನ್ನು ಒಂದು ಚಮಚ ಹೆಚ್ಚಿಸಿದರೆ ಅದೇ ಹದ ಬರುತ್ತದೆ.

ಚಿಕ್ಕವರಿಗೆ ಉದ್ದಕ್ಕೆ ಸೀಳಬೇಕು

ನಾಲ್ಕು ವರ್ಷದೊಳಗಿನ ಮಗುವಿದ್ದರೆ ಸಾಸೇಜನ್ನಾಗಲಿ ಅದರ ಆಕಾರದ ಯಾವುದನ್ನೇ ಆಗಲಿ ಗುಂಡು ಬಿಲ್ಲೆಗಳಾಗಿ ಕೊಯ್ಯಕೂಡದು. ಬಿಲ್ಲೆಯ ಅಗಲ ಮಗುವಿನ ಶ್ವಾಸನಾಳದ ಅಗಲಕ್ಕೆ ಸರಿಹೊಂದುವುದರಿಂದ, ಸಿಕ್ಕಿಕೊಂಡರೆ ಬಿರಡೆ ಹಾಕಿದಂತಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಇಂಥ ಆಹಾರಗಳ ಆಕಾರವನ್ನೇ ಬದಲಿಸಬೇಕೆಂದು ಕೇಳಿಕೊಂಡಿತ್ತು. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಮತ್ತೆ ಚಿಕ್ಕದಾಗಿ ಕತ್ತರಿಸಿ, ಮಗುವನ್ನು ಕೂರಿಸಿಯೇ ತಿನ್ನಿಸಬೇಕು. ಕಡಲೆ, ಬೀಜ ಇಡಿಯಾಗಿ ಉಳಿಯದಂತೆ ಅರೆಯಬೇಕೆಂದದ್ದೂ ಇದೇ ಕಾರಣಕ್ಕೆ.

ಹಬೆಯಲ್ಲಿ ಬೆಂದ ಹೂರಣ ಅದೇ ದಿನ ಮುಗಿಯಬೇಕು. ಫ್ರಿಜ್‌ನ ಭರವಸೆ ಬೇಡ. ಬನ್ನು ಉಳಿದರೆ ಮರುದಿನ ಚೂರು ಮಾಡಿ ಒಗ್ಗರಣೆಗೆ ಹಾಕಿದರೆ ಬೆಳಗಿನ ಉಪ್ಪಿಟ್ಟಾಗುತ್ತದೆ, ರಜೆ ಮುಂದುವರಿದರೂ ಸರಿ, ಶಾಲೆ ತೆರೆದರೂ ಸರಿ.